ಗಂಜಿಕಂಬಳಿಯ ಜನ್ಮವೃತ್ತಾಂತ

ಶಬ್ದಗಳ ಹುಟ್ಟು ಹುಡುಕುವುದು ಪಂಡಿತರ ಕೆಲಸ. ಶಾಸನ ಓದುತ್ತಾರೆ, ತಾಳೆಗರಿ ತಿರುವುತ್ತಾರೆ, ಸಭೆಯಲ್ಲಿ ಜಗಳವಾಡುತ್ತಾರೆ, ಕೊನೆಗೆ ಒಬ್ಬರ ಮನೆಗೊಬ್ಬರು ಹೋಗುವುದನ್ನೇ ಬಿಡುತ್ತಾರೆ. ಅವರ ವಿದ್ಯೆಯ ಬಗ್ಗೆ ನನಗೆ ತುಂಬ ಗೌರವ. ಆದರೆ ಒಂದು ಶಬ್ದದ ಮಾತು ಬಂದರೆ ಮಾತ್ರ ಅವರೆಲ್ಲರೂ ನಮ್ಮ ಮನೆ ಜಗಲಿಯ ಮೇಲೆ ಕೂತು ನನ್ನಿಂದ ಪಾಠ ಹೇಳಿಸಿಕೊಳ್ಳಬೇಕು. ಆ ಶಬ್ದವೇ ‘ಗಂಜಿಕಂಬಳಿ’.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಆಚೆ ಈ ಮಾತು ಯಾರಿಗೂ ತಿಳಿಯದು. ಒಳಗೆ ತಿಳಿಯದವರಿಲ್ಲ. ಹೊಸ ಗುಮಾಸ್ತ ಸಾಹೇಬರ ಕುರ್ಚಿಯಲ್ಲೇ ಕೂತುಬಿಟ್ಟರೆ ಅವನು ಗಂಜಿಕಂಬಳಿ. ಹೊಸ ಕಂಡಕ್ಟರು ಜನ ಹತ್ತುವ ಮೊದಲೇ ಸೀಟಿ ಊದಿ, ಬಸ್ಸು ಹೋದಮೇಲೆ ತಾನೂ ಕೆಳಗೇ ಉಳಿದದ್ದು ಗೊತ್ತಾದರೆ ಅವನೂ ಗಂಜಿಕಂಬಳಿ. ಒಟ್ಟಿನಲ್ಲಿ ಕೆಲಸಕ್ಕೆ ಹೊಸಬ, ಅನುಭವ ಸಾಲದು, ಆದರೆ ಸೆಟೆದು ನಿಂತಿದ್ದಾನೆ ಎಂದು ಅರ್ಥ.

ಕಳೆದ ಭಾನುವಾರ ಮಧ್ಯಾಹ್ನ ಹೊರ ಜಿಲ್ಲೆಯಿಂದ ಬಂದು ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಶ್ರೀಕಂಠನೆಂಬ ಯುವಕ ಮಧುಗಿರಿಯ ನಮ್ಮ ಮನೆಗೆ ಬಂದ. ಮುಖ ಇಳಿದಿತ್ತು.

“ಸಾರ್, ಆಫೀಸಲ್ಲಿ ಎಲ್ಲರೂ ನನ್ನನ್ನ ಗಂಜಿಕಂಬಳಿ ಅಂತಾರೆ. ಜವಾನನೂ ಅಂತಾನೆ. ಹಾಗಂದ್ರೇನು ಅಂತ ಕೇಳಿದ್ರೆ ನಿಮ್ಮನ್ನೇ ಕೇಳು ಅಂತ ಹೇಳಿ ನಗ್ತಾರೆ. ಅದು ಬೈಗುಳವಾ ಸಾರ್?”

“ಬೈಗುಳವಲ್ಲಪ್ಪಾ, ಬಿರುದು! ಕೂತ್ಕೋ. ಅದರ ಮೂಲವನ್ನು ನನ್ನಷ್ಟು ತಿಳಿದವನು ಈ ಭೂಮಿಯ ಮೇಲೆ ಬೇರೆ ಯಾರೂ ಇಲ್ಲ” ಎಂದೆ.

ಅಷ್ಟರಲ್ಲಿ ನಮ್ಮಾಕೆ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. “ರೀ, ಬೆಟ್ಟದ ನೆತ್ತಿಗೆ ಮೋಡ ಇಳೀತಿದೆ. ಮಾಳಿಗೆ ಮೇಲೆ ನಿಮ್ಮ ಪಂಚೆ ಹಾಸಿ ಸಂಡಿಗೆ ಇಟ್ಟಿದೀನಿ. ನಾನು ಪಕ್ಕದ ಮನೆಗೆ ಹೋಗಿ ಬರ್ತೀನಿ. ನಾಲ್ಕು ಹನಿ ಬಿದ್ದರೂ ಇಳಿಸಿಬಿಡಿ, ಇಲ್ಲದಿದ್ರೆ...”

“ಗೊತ್ತು ಗೊತ್ತು” ಎಂದೆ. ಆಕೆ ನನ್ನನ್ನೊಮ್ಮೆ ನೋಡಿ, ಏನೋ ಹೇಳಲು ಹೋಗಿ, ಬಿಟ್ಟು ಹೊರಟಳು. ನಾನು ಶ್ರೀಕಂಠನಿಗೆ ಕಥೆ ಶುರುಮಾಡಿದೆ.

ನಾನು ಮಂಡ್ಯದ ಕಡೆಯವನು. ನಾಲೆ, ಗದ್ದೆ, ಕಬ್ಬು ನೋಡಿ ಬೆಳೆದವನು. ಗ್ರಾಮಸೇವಕನಾಗಿ ಕೆಲಸ ಸಿಕ್ಕಿ ಸಿರಾ ತಾಲ್ಲೂಕಿಗೆ, ಅದರಲ್ಲೂ ಬುಕ್ಕಾಪಟ್ಟಣದ ಹತ್ತಿರದ ಒಂದು ಹಳ್ಳಿಗೆ ಹಾಕಿದರು. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಜಾಲಿ, ಕಳ್ಳಿ, ಕುರಿ. ಕುರಿಯನ್ನು ನಾನು ಅದುವರೆಗೆ ಪಾಠದ ಪುಸ್ತಕದಲ್ಲಿ ಮಾತ್ರ ಹತ್ತಿರದಿಂದ ನೋಡಿದ್ದೆ. ಆದರೆ ಹಾಗೆಂದು ಹೇಳಿಕೊಳ್ಳಲಾದೀತೆ? ಸರ್ಕಾರ ನನಗೆ ಸೈಕಲ್ಲು ಕೊಟ್ಟಿದೆ, ಖಾಕಿ ಚೀಲ ಕೊಟ್ಟಿದೆ, ಹಳ್ಳಿಯನ್ನು ಉದ್ಧಾರ ಮಾಡು ಎಂದು ಹೇಳಿದೆ! ಆದ್ದರಿಂದ ಯಾರಾದರೂ ಏನಾದರೂ ತಿಳಿಸಲು ಬಾಯಿ ತೆರೆದರೆ ಸಾಕು, ‘ಗೊತ್ತು ಗೊತ್ತು’ ಎಂದುಬಿಡುತ್ತಿದ್ದೆ. ಇದರಿಂದ ಮರ್ಯಾದೆ ಉಳಿಯುತ್ತಿತ್ತು. ವಿಷಯ ಮಾತ್ರ ಗೊತ್ತಾಗುತ್ತಿರಲಿಲ್ಲ.

ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ‘ಖಾಯಂ’ ಎಂಬುದರ ಮೇಲೆ ನನ್ನ ಪ್ರಾಣವೇ ನಿಂತಿತ್ತು. ಕಾರಣ, ಕೊರಟಗೆರೆಯ ನರಸಿಂಹಯ್ಯ ಮೇಷ್ಟ್ರ ಮಗಳು. ಆಕೆಯನ್ನು ನಾನು ನೋಡಿದ್ದು ಒಂದೇ ಸಲ, ಅದೂ ಉಪ್ಪಿಟ್ಟಿನ ತಟ್ಟೆಯ ಮೇಲಿಂದ. ಆಮೇಲೆ ಎಲ್ಲಿ ಉಪ್ಪಿಟ್ಟು ಕಂಡರೂ ಎದೆ ಹೊಡೆದುಕೊಳ್ಳುತ್ತಿತ್ತು. ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದ್ದರು: “ಹುಡುಗ ಒಪ್ಪಿಗೆ. ಆದ್ರೆ ಕೆಲಸ ಖಾಯಂ ಆಗ್ಲಿ. ಅವತ್ತೇ ಲಗ್ನಪತ್ರಿಕೆ ಬರೆಸ್ತೀನಿ.”

ಆ ಸಮಯಕ್ಕೆ ಸರಿಯಾಗಿ ನಮ್ಮ ಹಳ್ಳಿಯಲ್ಲಿ ಕುರಿ ಅದ್ದುವ ತೊಟ್ಟಿ ಕಟ್ಟಿ ಮುಗಿಯಿತು. ಒಂದು ಕಡೆಯಿಂದ ಕುರಿ ಇಳಿಯಬೇಕು, ಔಷಧಿ ನೀರಿನಲ್ಲಿ ಮುಳುಗಿ, ಇನ್ನೊಂದು ಕಡೆಯಿಂದ ಹತ್ತಬೇಕು. ಮೈಮೇಲಿನ ಉಣ್ಣಿ, ಹೇನು ಎಲ್ಲ ಸಾಯುತ್ತವೆ. ಊರಿನವರಿಗೆ ನಂಬಿಕೆಯಿರಲಿಲ್ಲ. “ಔಸ್ದಿ ನೀರಾಗೆ ಇಳ್ಸುದ್ರೆ ಕುರಿನೂ ಸತ್ತೋಯ್ತವೆ ಬುಡಿ ಸೋಮಿ” ಎನ್ನುತ್ತಿದ್ದರು. ತೊಟ್ಟಿ ತೆರೆಯಲು ತುಮಕೂರಿನಿಂದ ದೊಡ್ಡ ಸಾಹೇಬರೇ ಬರುವರೆಂದು ಗೊತ್ತಾಯಿತು. ಬ್ಲಾಕ್ ಆಫೀಸರು ನನ್ನನ್ನು ಸಿರಾಕ್ಕೆ ಕರೆಸಿ, “ಎಲ್ಲಾ ನಿಮ್ಮ ಜವಾಬ್ದಾರಿ. ಸಾಹೇಬರು ಮೆಚ್ಚಿದರೆ ನೀವು ಖಾಯಂ” ಎಂದರು. ಮೆಚ್ಚದಿದ್ದರೆ ಏನೆಂದು ಅವರು ಹೇಳಲಿಲ್ಲ. ನನಗೂ ಕೇಳುವ ಧೈರ್ಯ ಬರಲಿಲ್ಲ.

ಸಾಹೇಬರಿಗೆ ಏನು ಹಾಕಿ ಸ್ವಾಗತಿಸುವುದೆಂಬ ಮಾತು ಬಂದಾಗ ಎಲ್ಲರೂ ಹೂವಿನ ಹಾರ ಎಂದರು. ನಾನು ಎದ್ದು ನಿಂತು, “ಹಾರ ಎಲ್ಲ ಕಡೆ ಹಾಕ್ತಾರೆ. ಇದು ಕಂಬಳಿಯ ಸೀಮೆ. ಮಗ್ಗದಿಂದ ಆಗತಾನೇ ಇಳಿದ ಹೊಚ್ಚಹೊಸ ಕರಿಕಂಬಳಿ ಹೊದಿಸೋಣ!” ಎಂದೆ. ಬ್ಲಾಕ್ ಆಫೀಸರು ಮೇಜು ಕುಟ್ಟಿ ಮೆಚ್ಚಿದರು. ಪಕ್ಕದಲ್ಲಿದ್ದ ಹಿರಿಯ ಗುಮಾಸ್ತ ಜಬ್ಬಾರ್ ಸಾಹೇಬರು ಮಾತ್ರ ನನ್ನ ತೋಳು ಹಿಡಿದು, “ಅರೆ ಭಾಯಿ, ನಯಾ ಕಂಬಳಿನಾ? ಸುನೋ ಸುನೋ, ಅದಕ್ಕೆ ಮೊದ್ಲು...” ಎಂದರು.

“ಗೊತ್ತು ಗೊತ್ತು” ಎಂದೆ. ಅವರು ನನ್ನ ತೋಳು ಬಿಟ್ಟು ಗಡ್ಡ ನೀವಿಕೊಂಡರು.

ನೇಯುವವರ ಮನೆ ಪಕ್ಕದ ಹಟ್ಟಿಯಲ್ಲಿತ್ತು. ಮನೆಯ ಯಜಮಾನಿ ಕೆಂಚಮ್ಮ. ಅವಳು ಮಾತಾಡಿದರೆ ಮೂರು ಹೊಲದಾಚೆ ಕೇಳುತ್ತಿತ್ತು. ಅವಳು ಕಂಬಳಿಯನ್ನು ನನ್ನ ಕೈಗೆ ಕೊಡುತ್ತ, “ಸೋಮಿ, ಇದಿನ್ನೂ ಈಗ ಮಗ್ಗದಿಂದ ಇಳ್ದೈತೆ. ಇದುನ್ನ ಇಂಗೇ ತಕ್ಕೊಂಡೋಗಿ ಅಂಗೇ...” ಎಂದು ಶುರುಮಾಡಿದಳು.

“ಗೊತ್ತು ಕಣಮ್ಮ, ಗೊತ್ತು!”

“ಗೊತ್ತಿದ್ರೆ ಸರಿ ಬುಡಿ” ಎಂದು ಒಳಗೆ ಹೋದಳು.

ಮಡಚಲು ನೋಡಿದೆ. ಮಡಚಲಿಲ್ಲ. ಬಾಗಿಲ ಹಲಗೆಯ ಹಾಗೆ ಸೆಟೆದು ನಿಂತಿತ್ತು. ‘ಆಹಾ, ಕೈಮಗ್ಗದ ಬಿಗಿ ಎಂದರೆ ಇದು!’ ಎಂದು ಮೆಚ್ಚಿಕೊಂಡು, ಬೆನ್ನಿಗೆ ಕಟ್ಟಿಕೊಂಡು ಸೈಕಲ್ಲು ಹತ್ತಿದೆ. ಬಯಲಿನ ಗಾಳಿ ಬೀಸಿತು ನೋಡಿ, ಪೆಡಲು ತುಳಿಯುವ ಕಷ್ಟವೇ ಬರಲಿಲ್ಲ. ಕಂಬಳಿ ಹೋದ ಕಡೆಗೆ ಸೈಕಲ್ಲು, ಸೈಕಲ್ಲು ಹೋದ ಕಡೆಗೆ ನಾನು. ಕೊನೆಗೆ ಒಂದು ಕಳ್ಳಿಬೇಲಿ ನಮ್ಮ ಮೂವರನ್ನೂ ತಡೆಯಿತು. ಮನೆಗೆ ತಂದು ಗೋಡೆಗೆ ಒರಗಿಸಿದರೆ ಮನೆ ಮಾಲೀಕರ ಮೇಕೆ ಬಂದು ಅದರ ಅಂಚನ್ನು ನೆಕ್ಕತೊಡಗಿತು. ಮೇಕೆಗೂ ಕಲೆಯ ಬೆಲೆ ಗೊತ್ತಿದೆ ಎಂದುಕೊಂಡೆ. ಆಗಲಾದರೂ ನನಗೆ ಸಂಶಯ ಬರಬೇಕಿತ್ತು!

ಸಮಾರಂಭದ ದಿನ ಬೆಳಗಿನಿಂದಲೇ ಮೋಡ ಕವಿದಿತ್ತು. ತೊಟ್ಟಿಯ ಪಕ್ಕ ಚಪ್ಪರ. ಚಪ್ಪರದ ಪಕ್ಕ ಜಾಲಿಮುಳ್ಳಿನ ಬೇಲಿಯೊಳಗೆ ಊರಿನ ಕುರಿಯೆಲ್ಲ. ಅವು ಅಲ್ಲಿ ಇಲ್ಲಿ ಮೇಯಲು ಹೋಗಿ ಸಾಹೇಬರ ಎದುರು ಕಾಣೆಯಾದರೆ? ಅದಕ್ಕೇ ಬೆಳಗಿನಿಂದ ಒಂದನ್ನೂ ಮೇಯಲು ಬಿಡಕೂಡದೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. “ಹಸ್ಕಂಡಿರೋ ಕುರಿ ತಡ್ಯಾಕಾಗಾಕಿಲ್ಲ ಸೋಮಿ” ಎಂದು ಊರ ಗೌಡರು ಹೇಳಿದ್ದರು. ನಾನು ಏನೆಂದಿರಬಹುದು ಎಂದು ಮತ್ತೆ ಬೇರೆ ಹೇಳಬೇಕಾಗಿಲ್ಲ.

ಎದುರಿನ ಸಾಲಿನಲ್ಲಿ ಕೊಡೆ ಹಿಡಿದು ನರಸಿಂಹಯ್ಯ ಮೇಷ್ಟ್ರು ಕೂತಿದ್ದರು. ನನ್ನ ಕರೆಯ ಮೇಲೆಯೇ ಕೊರಟಗೆರೆಯಿಂದ ಬಸ್ಸು ಹತ್ತಿ ಬಂದಿದ್ದರು. ಭಾವಿ ಅಳಿಯನ ಪ್ರತಾಪವನ್ನು ಕಣ್ಣಾರೆ ನೋಡಲಿ ಎಂಬುದು ನನ್ನ ಆಸೆ.

ಜೀಪು ಬಂತು. ಸಾಹೇಬರು ಇಳಿದರು. ಬಿಳಿ ಕೋಟು, ಗಂಭೀರ ಮುಖ, ಮಾತು ಕಡಿಮೆ. ನಾನು ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿ ಅವರಿಗೆ ಹೊದಿಸಿದೆ. ಅದು ಹೆಗಲ ಮೇಲೆ ಇಳಿಯಲೇ ಇಲ್ಲ! ಅವರ ಸುತ್ತ ಗುಡಿಸಲಿನ ಹಾಗೆ ನೆಟ್ಟಗೆ ನಿಂತಿತು. ಒಳಗಿನಿಂದ ಸಾಹೇಬರ ಮುಖವಷ್ಟೇ ಕಾಣುತ್ತಿತ್ತು. ಜನ ಚಪ್ಪಾಳೆ ತಟ್ಟುವುದನ್ನು ಮರೆತರು. ಹಿಂದಿನಿಂದ ಯಾರೋ “ಲೇ, ಹೊಸಾದು ಕಣ್ಲಾ ಅದು!” ಎಂದದ್ದು ಕೇಳಿಸಿತು. ಹೊಸತೆಂದು ಹೊಗಳುತ್ತಿದ್ದಾರೆ ಎಂದು ನಾನು ಕೈಮುಗಿದೆ.

ಸಾಹೇಬರು ಚಪ್ಪರದಿಂದ ಹೊರಬಂದು ತೊಟ್ಟಿಯ ಅಂಚಿಗೆ ನಡೆದರು. ಆಗ ಮೊದಲನೆಯ ಹನಿ ಬಿತ್ತು. ಆಮೇಲೆ ಸೋನೆ ಹಿಡಿಯಿತು. ಬ್ಲಾಕ್ ಆಫೀಸರು ಕೊಡೆಗೆ ಓಡಿದರು. ಸಾಹೇಬರು ಮೊದಲ ಸಲ ನಕ್ಕು, “ಬೇಡ ಬಿಡಿ, ಕಂಬಳಿ ಇದೆಯಲ್ಲ” ಎಂದರು. ನಾನು ಮೇಷ್ಟ್ರ ಕಡೆ ನೋಡಿದೆ. ಅವರ ಮುಖದಲ್ಲಿ ಮೆಚ್ಚುಗೆ ಕಂಡಿತು. ಖಾಯಂ ಎಂಬುದು ನನ್ನ ಅಂಗೈಗೆ ಬಂದು ಕೂತಿತ್ತು.

ಕಂಬಳಿ ನೀರು ಕುಡಿಯಿತು. ಮೆಲ್ಲಗೆ ಕುಸಿಯಿತು. ಕುಸಿದು ಸಾಹೇಬರ ಕೋಟಿಗೆ ಮೆತ್ತಿಕೊಂಡಿತು. ಅಂಚಿನಿಂದ ಕೊಳಕು ಬಣ್ಣದ ಅಂಟುಗಂಜಿ ದಾರದಾರವಾಗಿ ಇಳಿಯತೊಡಗಿತು. ಎಂಥದೋ ಹುಳಿ ವಾಸನೆ ಎದ್ದಿತು. ಸಾಹೇಬರು ಕೈ ಬಿಡಿಸಿಕೊಳ್ಳಲು ನೋಡಿದರು. ಬರಲಿಲ್ಲ! ಜನರ ನಡುವಿನಿಂದ ಕೆಂಚಮ್ಮನ ಕೂಗು ಎದ್ದಿತು: “ಅಯ್ಯೋ! ನೆನೆಹಾಕ್ದೇ ಹೊದ್ಸವ್ರಲ್ಲಪ್ಪೋ! ತೆಗೀರ್ಲಾ ಅದುನ್ನ!”

ಆ ವಾಸನೆ ಕುರಿಗಳಿಗೂ ಹೋಯಿತು. ಬೆಳಗಿನಿಂದ ಹೊಟ್ಟೆಗಿಲ್ಲದ ಕುರಿಗಳು! ಎಲ್ಲಕ್ಕಿಂತ ಮುಂದೆ ಗೌಡರ ಟಗರು. ಮೊದಲು ಅದು ತಲೆ ಎತ್ತಿತು. ಆಮೇಲೆ ಬೇಲಿಯನ್ನು ಒಂದು ಸಲ ಗುದ್ದಿತು. ಆಮೇಲೆ ಬೇಲಿ ಇರಲಿಲ್ಲ.

ಟಗರು ನೇರವಾಗಿ ಬಂದು ಕಂಬಳಿಯ ಅಂಚನ್ನು ಬಾಯಲ್ಲಿ ಹಿಡಿದು ಚೀಪತೊಡಗಿತು. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಟಗರು ಎಳೆಯಿತು. ಹಿಂದೆ ಔಷಧಿ ತೊಟ್ಟಿ, ಮುಂದೆ ಟಗರು, ನಡುವೆ ಅಂಟಿಕೊಂಡ ದೊಡ್ಡ ಸಾಹೇಬರು! ಈಗ ಕಾಪಾಡದಿದ್ದರೆ ಕೆಲಸ ಹೋಯಿತು, ಹುಡುಗಿ ಹೋದಳು ಎಂದು ನನ್ನ ತಲೆಯೊಳಗೆ ಗಂಟೆ ಹೊಡೆಯಿತು. ನಾನು ಹಾರಿ ಹೋಗಿ ಕಂಬಳಿಯ ಇನ್ನೊಂದು ತುದಿ ಹಿಡಿದು ಬಲವನ್ನೆಲ್ಲ ಹಾಕಿ ಜಗ್ಗಿದೆ. ಅದೃಷ್ಟವೋ ದುರದೃಷ್ಟವೋ, ಕಂಬಳಿ ಬಂತು. ಕಂಬಳಿಯ ಜೊತೆ ಕೋಟೂ ಬಂತು. ನಾನು ಅವೆರಡನ್ನೂ ತಬ್ಬಿಕೊಂಡು ಅಂಗಾತವಾಗಿ ತೊಟ್ಟಿಯೊಳಗೆ ಬಿದ್ದೆ.

ಅಂಚನ್ನು ಬಾಯಲ್ಲೇ ಹಿಡಿದಿದ್ದ ಟಗರು ನನ್ನ ಹಿಂದೆಯೇ ಇಳಿಯಿತು. ಟಗರು ಇಳಿದ ಮೇಲೆ ಕೇಳಬೇಕೆ? ಕುರಿ ಎಂದ ಮೇಲೆ ಕುರಿಯೇ. ಒಂದರ ಹಿಂದೆ ಒಂದು, ಊರಿನ ಮಂದೆಗೆ ಮಂದೆಯೇ ದಬದಬನೆ ತೊಟ್ಟಿಗೆ ಇಳಿಯಿತು. ಕೆಲವು ನನ್ನ ಹೆಗಲ ಮೇಲೆ ಕಾಲಿಟ್ಟು ದಾಟಿದವು, ಕೆಲವು ತಲೆಯ ಮೇಲೆ. ಇಳಿಸಿದರೆ ಸಾಯುತ್ತವೆ ಎಂದು ಹೆದರಿದ್ದ ಊರಿನವರು ನೋಡುನೋಡುತ್ತಿದ್ದಂತೆ ಎಲ್ಲ ಕುರಿಗಳಿಗೂ ಸ್ನಾನ ಆಗಿಹೋಯಿತು. ಎಲ್ಲಕ್ಕಿಂತ ಕೊನೆಯಲ್ಲಿ, ಕುರಿಗಳು ಹತ್ತುವ ದಾರಿಯಿಂದಲೇ, ಕಂಬಳಿಯನ್ನು ಕೊರಳಿಗೆ ಸುತ್ತಿಕೊಂಡು ನಾನೂ ಹತ್ತಿ ಬಂದೆ. ಅಲ್ಲಿಂದ ಮುಂದೆ ಎಷ್ಟೋ ಕಾಲ ಒಂದು ಸೊಳ್ಳೆಯೂ ನನ್ನ ಹತ್ತಿರ ಸುಳಿಯಲಿಲ್ಲ.

ಬರೀ ಷರ್ಟಿನಲ್ಲಿ ನೆನೆಯುತ್ತ ನಿಂತಿದ್ದ ಸಾಹೇಬರು ತಣ್ಣಗೆ ಕೇಳಿದರು: “ಯಾರು ಇವರು?”

“ಹೊಸಬ ಸಾರ್” ಎಂದರು ಬ್ಲಾಕ್ ಆಫೀಸರು. “ಇನ್ನೂ ಖಾಯಂ ಆಗಿಲ್ಲ ಸಾರ್.” ‘ಆಗುವುದೂ ಇಲ್ಲ’ ಎಂಬುದು ಅವರ ಕಣ್ಣಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಕೆಂಚಮ್ಮ ಜನರನ್ನು ತಳ್ಳಿಕೊಂಡು ಬಂದು ನನ್ನ ಕೊರಳಿನಿಂದ ಕಂಬಳಿ ಕಿತ್ತುಕೊಂಡಳು. “ನನ್ ಕಂಬ್ಳಿ ಆಳಾಯ್ತಲ್ಲಪ್ಪೋ! ಹೊಸ ಕಂಬ್ಳಿಗೆ ಉಣಸೇಬೀಜದ ಗಂಜಿ ಕುಡ್ಸಿರ್ತೀವಿ ಸೋಮಿ. ಕೆರೇಲಿ ನೆನೆಹಾಕಿ, ಚೆನ್ನಾಗಿ ತುಳುದು, ಒಣಗಿಸ್ಬೇಕು. ಅಲ್ಲೀಗಂಟ ಯಾರಾನ ಹೊದಿತಾರಾ? ನಮ್ಮೂರ ಕೂಸ್ಗೂ ಗೊತ್ತು! ಈವಯ್ಯಂಗೆ ಹೇಳಾಕೋದ್ರೆ ಗೊತ್ತು ಗೊತ್ತು ಅಂದ್ಬುಟ್ಟ!”

ಸಾಹೇಬರು ಕಂಬಳಿಯ ತುದಿಯನ್ನು ಹಿಂಡಿ ನೋಡಿದರು. ಗಂಜಿ ಇಳಿಯಿತು. “ಎಷ್ಟು ದಿನ ನೆನೆಸಬೇಕಮ್ಮ?” ಎಂದರು.

“ಅದು ಕಂಬ್ಳಿ ಮ್ಯಾಲೆ ಓಯ್ತದೆ ಸೋಮಿ. ಕೆಲವು ಬ್ಯಾಗ ಗಂಜಿ ಬುಡ್ತವೆ. ಕೆಲವುನ್ನ ತುಳುದು ತುಳುದು ನಮ್ ಕಾಲೇ ಸವುದೋಯ್ತವೆ.”

ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಬ್ಲಾಕ್ ಆಫೀಸರ ಕಡೆ ತಿರುಗಿ, “ಇವರನ್ನ ಇನ್ನೊಂದು ವರ್ಷ ಇಲ್ಲೇ ನೆನೆಹಾಕಿ. ಗಂಜಿ ಹೋದಮೇಲೆ ಖಾಯಂ ಮಾಡೋಣ” ಎಂದು ಜೀಪು ಹತ್ತಿದರು.

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಜಬ್ಬಾರ್ ಸಾಹೇಬರು ತಮ್ಮ ಒಣ ಟವೆಲನ್ನು ನನ್ನ ತಲೆಗೆ ಹಾಕಿ ಒರೆಸುತ್ತ, “ಅರೆರೆ, ನೀವೇ ಗಂಜಿಕಂಬಳಿ ಆಗ್ಬಿಟ್ರಲ್ಲ ಭಾಯಿ!” ಎಂದರು. ಆ ಶಬ್ದ ಹುಟ್ಟಿದ್ದು ಆ ಕ್ಷಣದಲ್ಲಿ, ಆ ಟವೆಲಿನ ಕೆಳಗೆ.

ನಗದೆ ಇದ್ದವರು ಒಬ್ಬರೇ. ನರಸಿಂಹಯ್ಯ ಮೇಷ್ಟ್ರು ನನ್ನಿಂದ ದೂರದಲ್ಲೇ ನಿಂತು, ಮೂಗಿಗೆ ಶಲ್ಯ ಹಿಡಿದು, “ಖಾಯಂ ಆದರೆ ತಿಳಿಸಿ. ಅಲ್ಲೀವರೆಗೆ ಹುಡುಗಿಯನ್ನ ಇಟ್ಕೊಂಡಿರ್ತೀನಿ ಅಂತ ನಾನು ಮಾತು ಕೊಡಲ್ಲ” ಎಂದು ಬಸ್ಸಿನ ಕಡೆ ನಡೆದರು. ಆ ಕೊಡೆ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತೆ. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು, ಅತ್ತುಬಿಟ್ಟೆ. ಕೇಳಿದವರಿಗೆಲ್ಲ ಔಷಧಿ ನೀರು ಕಣ್ಣಿಗೆ ಹೋಗಿದೆ ಎಂದೆ.

ಆ ಒಂದು ವರ್ಷ ನಾನು ಕಂಡಕಂಡದ್ದನ್ನೆಲ್ಲ ಕೇಳಿ ತಿಳಿದುಕೊಂಡೆ. ಬಾವಿಯಿಂದ ನೀರು ಸೇದುವ ಮೊದಲು ಕೂಡ, “ಹಗ್ಗ ಹೀಗೇ ತಾನೇ ಹಿಡಿಯೋದು?” ಎಂದು ಕೇಳುತ್ತಿದ್ದೆ. ಆದರೆ ಶಬ್ದ ನನಗಿಂತ ಮುಂದೆ ಓಡುತ್ತಿತ್ತು. ಸಿರಾದ ಸಂತೆಯಲ್ಲಿ ಕೇಳಿಸಿತು, ಮಧುಗಿರಿಯ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಕೇಳಿಸಿತು. ಒಮ್ಮೆ ಪಾವಗಡದ ಬಸ್ಸಿನಲ್ಲಿ ಪಕ್ಕದ ಯಜಮಾನರೊಬ್ಬರು ಹೊಸ ಕಂಡಕ್ಟರನ್ನು ತೋರಿಸಿ, “ಗಂಜಿಕಂಬಳಿ ವಚ್ಚಿಂದಿ ಚೂಡು!” ಎಂದು ತೆಲುಗಿನಲ್ಲಿ ‘ಬಂತು ನೋಡು’ ಎಂದರು. ನಾನು ಏನೂ ತಿಳಿಯದವನಂತೆ ಗಂಜಿಕಂಬಳಿ ಎಂದರೇನೆಂದು ಕೇಳಿದೆ.

“ಅದಾ? ಪಾಳೇಗಾರ್ರ ಕಾಲದ ಮಾತು ಸಾಮಿ. ಹೊಸ ಸಿಪಾಯಿಗೆ ಒಂದು ಬಟ್ಲು ಗಂಜಿ, ಒಂದು ಕಂಬ್ಳಿ ಕೊಡೋರಂತೆ.”

“ಹಾಗಲ್ಲ ಸ್ವಾಮಿ, ಅದು ಮೊನ್ನೆ ಮೊನ್ನೆ ಹುಟ್ಟಿದ್ದು” ಎಂದೆ ತಡೆಯಲಾರದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈ ಸೀ‌ಮೆಗೆ ಹೊಸಬ್ರೇನು? ಹಂಗಾದ್ರೆ ನೀವೂ ಗಂಜಿಕಂಬಳಿನೇ, ಸುಮ್ಮನೆ ಕೂತ್ಕೊಳ್ರಿ” ಎಂದರು!

ವರ್ಷ ಕಳೆಯಿತು, ಖಾಯಂ ಆಯಿತು. ಕೊರಟಗೆರೆಗೆ ಹೋಗುವಾಗ ಬಸ್ಸಿನಲ್ಲಿ ಉದ್ದಕ್ಕೂ ಒಂದೇ ಯೋಚನೆ. ಆ ಮನೆಯ ಮುಂದೆ ಮದುವೆಯ ಚಪ್ಪರ ಹಾಕಿದ್ದರೆ? ಚಪ್ಪರ ಇರಲಿಲ್ಲ. ಮೇಷ್ಟ್ರು ಜಗಲಿಯಲ್ಲಿ ಕೂತು ಬೇಸರದ ಮುಖ ಮಾಡಿಕೊಂಡು ಹೇಳಿದರು: “ಒಳ್ಳೊಳ್ಳೆ ಸಂಬಂಧ ಬಂದವು ಕಣಯ್ಯಾ. ಇವಳು ಒಪ್ಪಲೇ ಇಲ್ಲ. ಗಂಜಿ ಇರೋ ಕಂಬಳಿಯನ್ನಾದ್ರೆ ತುಳಿದು ಮೆತ್ತಗೆ ಮಾಡ್ಕೋತೀನಿ, ಹರಿದ ಕಂಬಳಿ ಕೊಟ್ಟರೆ ಏನು ಮಾಡ್ಲಿ ಅಂದ್ಳು.” ಬಾಗಿಲ ಹಿಂದೆ ಬಳೆಯ ಸದ್ದಾಯಿತು. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ.

ಶ್ರೀಕಂಠ ಕಣ್ಣರಳಿಸಿ, “ಹಾಗಾದ್ರೆ ಆ ಹುಡುಗಿನೇ...” ಎಂದ.

“ಅವಳೇ. ಈಗ ಪಕ್ಕದ ಮನೆಗೆ ಹೋಗಿದ್ದಾಳೆ. ಆದ್ದರಿಂದ ಶ್ರೀಕಂಠ, ಈ ಇತಿಹಾಸದಿಂದ ನೀನು ಕಲಿಯಬೇಕಾದ್ದು ಇಷ್ಟೇ” ಎಂದು ನಾನು ಬೆರಳೆತ್ತಿದೆ. “ಯಾರು ಏನು ಹೇಳಲು ಬಂದರೂ ಪೂರ್ತಿ ಕೇಳಿಸಿಕೊ. ಗೊತ್ತು ಅಂತ ಮಾತ್ರ...”

“ಸಾರ್, ಮಳೆ...”

“ಗೊತ್ತು ಗೊತ್ತು, ಮಧ್ಯೆ ಬಾಯಿ ಹಾಕಬೇಡ. ಗೊತ್ತು ಅಂತ ಮಾತ್ರ ಯಾವತ್ತೂ ಅನ್ನಬೇಡ. ನಾನು ಆ ಚಾಳಿ ಬಿಟ್ಟು...”

“ಅಲ್ಲ ಸಾರ್, ಅಮ್ಮ ಸಂಡಿಗೆ ಅಂತ...”

ನನ್ನ ಬೆರಳು ಮೇಲೆಯೇ ನಿಂತಿತು. ಹೊರಗೆ ನೋಡಿದರೆ ಧೋ ಎಂದು ಸುರಿಯುತ್ತಿದೆ, ಬೆಟ್ಟವೇ ಕಾಣುತ್ತಿಲ್ಲ! ಇಬ್ಬರೂ ಮೆಟ್ಟಿಲು ಹತ್ತಿ ಓಡಿದೆವು. ಮೇಲೆ ನಮ್ಮಾಕೆ ಆಗಲೇ ನೆನೆದು ತೊಪ್ಪೆಯಾಗಿ ನಿಂತಿದ್ದಳು. ಪಕ್ಕದ ಮನೆಯ ಮಾಳಿಗೆಯಿಂದಲೇ ದಾಟಿ ಬಂದಿರಬೇಕು. ಅವಳ ಕೈಯಲ್ಲಿ ನನ್ನ ಪಂಚೆ. ಅದರ ಮೇಲಿದ್ದ ಒಂದು ವಾರದ ಸಂಡಿಗೆಯೆಲ್ಲ ಕರಗಿ, ತಾನು ಹುಟ್ಟುವ ಮೊದಲು ಏನಾಗಿತ್ತೋ ಮತ್ತೆ ಅದೇ ಆಗಿತ್ತು.

ಅವಳು ನನ್ನನ್ನು ಬಿಟ್ಟು ಶ್ರೀಕಂಠನ ಕಡೆ ತಿರುಗಿ, “ಅರ್ಥ ಕೇಳೋಕೆ ಬಂದಿದ್ದೆಯಲ್ಲಪ್ಪಾ, ತಿಳೀತಾ?” ಎಂದಳು.

“ಚೆನ್ನಾಗಿ ತಿಳೀತು ಅಮ್ಮ.”

ಅವಳು ಪಂಚೆಯನ್ನು ಎರಡು ಕೈಯಲ್ಲಿ ಹಿಂಡಿದಳು. ಬೆಳ್ಳನೆಯ ಗಂಜಿ ಮೆಟ್ಟಿಲ ಮೇಲಿಂದ ಇಳಿದು ಹೋಯಿತು. “ಮದುವೆಯಾದಾಗಿಂದ ತುಳೀತಾನೇ ಇದೀನಿ. ಇನ್ನೂ ಬಿಡ್ತಾನೇ ಇದೆ ನೋಡು!”

ಸೋಮವಾರ ಕಚೇರಿಗೆ ಹೋದೆ. ಶ್ರೀಕಂಠನನ್ನು ಯಾರೂ ಗಂಜಿಕಂಬಳಿ ಎನ್ನಲಿಲ್ಲ. ನಾನು ಒಳಗೆ ಕಾಲಿಟ್ಟ ಕೂಡಲೇ ಜವಾನ ಎದ್ದು ನಿಂತು, ನಗು ತಡೆದುಕೊಂಡು, “ಸಾರ್, ಸಂಡಿಗೆ ಒಣಗಿದ್ವಾ?” ಎಂದ.